ನಿಧಾನವಾಗಿದ್ದದ್ದು ನಾವಲ್ಲ

ಹೋದ ತಿಂಗಳು ಕನಕಪುರದಿಂದ ಬೆಂಗಳೂರಿಗೆ ಹೊರಟ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ಹಾರೋಹಳ್ಳಿ ದಾಟುವಾಗ ಬಿಸ್ಕತ್ತು ಬೇಯುವ ವಾಸನೆ ಒಳಗೆ ನುಗ್ಗಿತು. ಒಸಿ ಸೀದ ಸಕ್ಕರೆಯ, ಬಿಸಿ ಎಣ್ಣೆಯ ವಾಸನೆ. ಬೇರೆಯವರಿಗೆ ಅದರಿಂದ ಹಸಿವಾಗುತ್ತದೋ ಏನೋ, ನನಗೆ ಸಿಟ್ಟು ಬಂತು. ಇಪ್ಪತ್ತು ವರ್ಷ ಹಳೆಯ ಸಿಟ್ಟು, ಇಷ್ಟು ದಿನ ಎಲ್ಲಿ ಕೂತಿತ್ತೋ, ಬಸ್ಸು ಕೈಗಾರಿಕಾ ಪ್ರದೇಶದ ಕಮಾನು ದಾಟುವಷ್ಟರಲ್ಲಿ ಎದ್ದು ಬಂದು ಪಕ್ಕದಲ್ಲಿ ಕೂತುಕೊಂಡಿತು.

ರಾಮನಗರ ಇನ್ನೂ ಜಿಲ್ಲೆಯಾಗಿರದ ಕಾಲ ಅದು. ನಮ್ಮದೆಲ್ಲ ಬೆಂಗಳೂರು ಗ್ರಾಮಾಂತರ. ಹಾರೋಹಳ್ಳಿಯ ಕಲ್ಲುನೆಲದ ಮೇಲೆ ತಿಂಗಳಿಗೊಂದು ಶೆಡ್ಡು ಏಳುತ್ತಿತ್ತು. ಬಿಸ್ಕತ್ತು ಕಾರ್ಖಾನೆಯ ಪಕ್ಕದ ಶೆಡ್ಡಿನ ಮಹಡಿಯಲ್ಲಿ ನಾವು ಹನ್ನೆರಡು ಜನ ಹೆಣ್ಣುಮಕ್ಕಳು ಕೆಲಸ ಮಾಡುತ್ತಿದ್ದೆವು. ದಿನಾ ಹನ್ನೊಂದು ಗಂಟೆಗೆ ಸರಿಯಾಗಿ ಪಕ್ಕದ ಒಲೆಗಳು ಹೊತ್ತಿಕೊಳ್ಳುತ್ತಿದ್ದವು; ಆ ವಾಸನೆ ಬಂದರೆ ಗಡಿಯಾರ ನೋಡುವ ಅಗತ್ಯವಿರಲಿಲ್ಲ.

ನಮ್ಮ ಕೆಲಸ ಊರಿನವರಿಗೆ ಹೇಳಿ ಅರ್ಥ ಮಾಡಿಸುವುದು ಕಷ್ಟವಾಗಿತ್ತು. ದೂರದೇಶದ ಆಸ್ಪತ್ರೆಗಳಲ್ಲಿ ಡಾಕ್ಟರು ರೋಗಿಯನ್ನು ನೋಡಿದ ಮೇಲೆ ಏನು ಕಂಡರು, ಏನು ಔಷಧಿ ಕೊಟ್ಟರು ಅಂತ ಯಂತ್ರದಲ್ಲಿ ಮಾತಾಡಿ ಇಡುತ್ತಾರೆ. ಆ ದನಿ ಬೆಂಗಳೂರಿನ ಹೆಡ್ ಆಫೀಸಿನ ದೊಡ್ಡ ಕಂಪ್ಯೂಟರಿಗೆ ಬರುತ್ತದೆ, ಅಲ್ಲಿಂದ ನಮಗೆ. ನಾವು ಕಿವಿಗೆ ಹೆಡ್‌ಫೋನು ಹಾಕಿ ಕೇಳಿ ಟೈಪು ಮಾಡಬೇಕು. ದನಿ ನಿಲ್ಲಿಸಿ ಹಿಂದಕ್ಕೆ ತಿರುಗಿಸುವುದಕ್ಕೆ ಕಾಲಡಿ ಒಂದು ಪೆಡಲು, ಹೊಲಿಗೆ ಯಂತ್ರಕ್ಕೆ ಇರುವ ಹಾಗೆ. ಮೊದಮೊದಲು ಆ ಡಾಕ್ಟರುಗಳ ಇಂಗ್ಲಿಷು ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡು ಮಾತಾಡಿದ ಹಾಗೆ ಕೇಳುತ್ತಿತ್ತು. ಆರು ತಿಂಗಳಿಗೆ ಅವರ ಕೆಮ್ಮು ಕೂಡ ಗುರುತು ಸಿಗುವಂತಾಯಿತು.

ನಾನು ಸಾತನೂರಿನವಳು, ನಾಗರತ್ನ. ಕನಕಪುರದಲ್ಲಿ ಬಿ.ಎಸ್ಸಿ. ಮುಗಿಸಿ ಒಂದು ವರ್ಷದ ಕಂಪ್ಯೂಟರ್ ಡಿಪ್ಲೊಮಾ ಮಾಡಿದ್ದೆ. ಹಾಗಾಗಿ ಟೈಪಿಂಗ್ ಜೊತೆಗೆ ಹನ್ನೆರಡು ಯಂತ್ರ ನೋಡಿಕೊಳ್ಳುವ ಕೆಲಸವೂ ನನ್ನ ತಲೆಗೇ ಬಂದಿತ್ತು. ಬೆಳಿಗ್ಗೆ ಎದ್ದು ಅವ್ವನ ಜೊತೆ ರೇಷ್ಮೆ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಹಾಕಿ, ಡೈರಿಗೆ ಹಾಲು ಕೊಟ್ಟು, ಆರೂವರೆ ಬಸ್ಸಿಗೆ ಓಡುತ್ತಿದ್ದೆ. ಕನಕಪುರದಲ್ಲಿ ಇಳಿದು ಇನ್ನೊಂದು ಬಸ್ಸು. ಅಲ್ಲಿ ದೊಡ್ಡಆಲಹಳ್ಳಿಯ ಮಾದೇವಿ ಕಾಯುತ್ತಿದ್ದಳು. ನನಗಿಂತ ಎರಡು ವರ್ಷ ಚಿಕ್ಕವಳು. ನೋಡುವುದಕ್ಕೆ ಸಣ್ಣಗೆ, ಮಾತು ಕಡಿಮೆ. ಕೀಲಿಗಳ ಮೇಲೆ ಅವಳ ಬೆರಳು ಓಡುವುದನ್ನು ನೋಡಬೇಕಿತ್ತು! ಹುರಿಗಡಲೆ ಸುರಿದ ಹಾಗೆ ಸದ್ದು. ಇಡೀ ಶೆಡ್ಡಿನಲ್ಲಿ ಅವಳಷ್ಟು ಬೇಗ, ಅವಳಷ್ಟು ತಪ್ಪಿಲ್ಲದೆ ಟೈಪು ಮಾಡುವವರು ಯಾರೂ ಇರಲಿಲ್ಲ.

ಒಂದು ವಿಷಯ ಇಲ್ಲೇ ಹೇಳಿಬಿಡಬೇಕು. ನಾವು ಟೈಪು ಮಾಡಿದ್ದು ಹಾರೋಹಳ್ಳಿಯಲ್ಲಿ ಉಳಿಯುತ್ತಿರಲಿಲ್ಲ. ರೋಗಿಗಳ ಗುಟ್ಟು, ಹೊರಗೆ ಹೋಗಬಾರದು ಅಂತ ನಿಯಮ. ಹಾಗಾಗಿ ನೇರವಾಗಿ ಬೆಂಗಳೂರಿನ ಕಂಪ್ಯೂಟರಿನ ಮೇಲೇ ಬರೆಯುತ್ತಿದ್ದೆವು. ಇಲ್ಲಿ ಒಂದು ಅಕ್ಷರ ಒತ್ತಿದರೆ ಅದು ಟೆಲಿಫೋನ್ ಲೈನಿನಲ್ಲಿ ಬೆಂಗಳೂರಿಗೆ ಹೋಗಿ, ವಾಪಸು ಬಂದು ನಮ್ಮ ಪರದೆಯ ಮೇಲೆ ಮೂಡಬೇಕು. ದಾರಿಯಲ್ಲಿ ಯಾರೂ ಕದ್ದು ಓದದ ಹಾಗೆ ಪ್ರತಿ ಅಕ್ಷರವೂ ಗುರುತು ಸಿಗದಂತೆ ಕಲಸಿ ಹೋಗುತ್ತಿತ್ತು. ಅದಕ್ಕೆ ಎನ್‌ಕ್ರಿಪ್ಷನ್ ಅಂತ ಹೆಸರು. ನಾವು ಬೀಗ ಅನ್ನುತ್ತಿದ್ದೆವು. ಹನ್ನೆರಡು ಜನಕ್ಕೆ ಇದ್ದದ್ದು ಒಂದೇ ಸಪೂರ ಲೈನು. ಡಾಕ್ಟರುಗಳ ದನಿಯೂ ಅದರಲ್ಲೇ ಬರಬೇಕು, ನಮ್ಮ ಅಕ್ಷರವೂ ಅದರಲ್ಲೇ ಹೋಗಬೇಕು.

ಆಷಾಢದ ಗಾಳಿ ಶೆಡ್ಡಿನ ತಗಡುಗಳನ್ನು ಬಡಿಯುತ್ತಿದ್ದ ದಿನಗಳಲ್ಲಿ ಹೆಡ್ ಆಫೀಸಿನಿಂದ ಒಂದು ಕಪ್ಪು ಪೆಟ್ಟಿಗೆ ಬಂತು. ಹಳೆಯ ರೇಡಿಯೋದಷ್ಟು ಗಾತ್ರ, ಮುಂದೆ ಹಸಿರು ದೀಪಗಳು. ಲೈನಿನಲ್ಲಿ ಹೋಗುವುದನ್ನೆಲ್ಲ ಹಿಂಡಿ ಚಿಕ್ಕದು ಮಾಡಿ ಕಳಿಸುವ ಪೆಟ್ಟಿಗೆ. ಇಂಥದೇ ಇನ್ನೊಂದು ಬೆಂಗಳೂರಿನಲ್ಲಿ ಕೂತು ಅದನ್ನು ಬಿಚ್ಚುತ್ತದೆ. ಇನ್ನು ಮೇಲೆ ಲೈನು ನಾಲ್ಕು ಪಟ್ಟು ಬೇಗ ಓಡುತ್ತದೆ ಅಂತ ಹೆಡ್ ಆಫೀಸಿನ ಮ್ಯಾನೇಜರ್ ಸುಧೀಂದ್ರ ಅವರ ಕಾಗದ ಬಂತು. ಅದರ ಹಿಂದೆಯೇ ಇನ್ನೊಂದು ಕಾಗದ: ಲೈನು ಬೇಗ ಓಡುವುದರಿಂದ ದಿನಕ್ಕೆ ಒಬ್ಬೊಬ್ಬರು ಟೈಪು ಮಾಡಬೇಕಾದ ಸಾಲುಗಳನ್ನು ಹೆಚ್ಚಿಸಲಾಗಿದೆ.

ಸಾಲು ಹೆಚ್ಚಿತು, ಲೈನಿನ ವೇಗ ಹೆಚ್ಚಲಿಲ್ಲ. ಮೊದಲಿದ್ದದ್ದಕ್ಕಿಂತ ಕೆಲಸ ಜಾಸ್ತಿ ತುಂಬಿದ್ದರಿಂದ ಇನ್ನೂ ಎಳೆಯತೊಡಗಿತು. ಮಾದೇವಿ ಒಂದು ವಾಕ್ಯ ಪೂರ್ತಿ ಟೈಪು ಮಾಡಿ ಕೈ ಮಡಿಲಲ್ಲಿಟ್ಟು ಕಾಯುತ್ತಿದ್ದಳು. ಅಕ್ಷರಗಳು ಒಂದೊಂದಾಗಿ ಸುಸ್ತಾದ ಮುದುಕರ ಹಾಗೆ ಪರದೆಗೆ ಬರುತ್ತಿದ್ದವು. ಮೂಡಿತೋ ಇಲ್ಲವೋ ಅಂತ ಎರಡು ಸಲ ಒತ್ತಿದರೆ ಎರಡೆರಡು ಅಕ್ಷರ. ಅದನ್ನು ಅಳಿಸುವುದಕ್ಕೆ ಮತ್ತೆ ಬೆಂಗಳೂರಿಗೆ ಹೋಗಿ ಬರಬೇಕು. ಬೇಗ ಟೈಪು ಮಾಡುವವರಿಗೇ ಹೆಚ್ಚು ತೊಂದರೆ. ನಿಧಾನಕ್ಕೆ ಒತ್ತುವವರಿಗೆ ಅಷ್ಟು ಗೊತ್ತಾಗುತ್ತಿರಲಿಲ್ಲ.

ಶ್ರಾವಣ ಬಂದಾಗ ಗೋಡೆಯ ಮೇಲೆ ಪ್ರತಿ ಸೋಮವಾರ ಒಂದು ಪಟ್ಟಿ ಅಂಟತೊಡಗಿತು. ಗುರಿ ಮುಟ್ಟದವರ ಹೆಸರು ಕೆಂಪಕ್ಷರದಲ್ಲಿ. ಮೊದಲ ವಾರವೇ ಮಾದೇವಿಯ ಹೆಸರು ಕೆಂಪಾಯಿತು. ಅವಳು ಪಟ್ಟಿಯ ಮುಂದೆ ನಿಂತು ಓದಿ, ತನ್ನ ಕುರ್ಚಿಗೆ ಹೋದಳು. ಆವತ್ತು ಮಧ್ಯಾಹ್ನ ಅವಳು ಬುತ್ತಿ ಬಿಚ್ಚಲಿಲ್ಲ. ಸುಧೀಂದ್ರ ಅವರು ನಮ್ಮ ಶೆಡ್ಡಿನ ಮೇಲ್ವಿಚಾರಕ ಪುಟ್ಟಸ್ವಾಮಿಯವರಿಗೆ ಬರೆದ ಇಮೇಲು ನನ್ನ ಕಣ್ಣಿಗೂ ಬಿತ್ತು. ಪ್ರಿಂಟು ತೆಗೆಯುವುದು ನನ್ನ ಕೆಲಸವಾಗಿತ್ತಲ್ಲ. ಯಂತ್ರದಲ್ಲಿ ಲೋಪವಿಲ್ಲ, ಗ್ರಾಮೀಣ ಅಭ್ಯರ್ಥಿಗಳ ವೇಗಕ್ಕೆ ಮಿತಿ ಇದೆ ಅಂತ ಬರೆದಿದ್ದರು. ಆ ಸಾಲನ್ನು ನಾನು ಮೂರು ಸಲ ಓದಿದೆ. ನಮ್ಮ ವೇಗಕ್ಕೆ ಮಿತಿ! ನನ್ನ ಅವ್ವ ಒಂದು ತಟ್ಟೆ ಹುಳುವಿಗೆ ಸೊಪ್ಪು ಹರಡುವಷ್ಟರಲ್ಲಿ ಆ ಮನುಷ್ಯ ಷೂ ಲೇಸು ಕಟ್ಟಿಕೊಳ್ಳುತ್ತಿದ್ದನೋ ಇಲ್ಲವೋ.

ಗೌರಿ ಹಬ್ಬಕ್ಕೆ ಹತ್ತು ದಿನ ಇರುವಾಗ ವಿಷಯ ಬಿಗಿಯಾಯಿತು. ಆರು ಜನರಿಗೆ ಒಂದು ಪತ್ರ ಸಿದ್ಧವಾಗಿದೆ, ಹಬ್ಬ ಕಳೆದ ಮೇಲೆ ಸುಧೀಂದ್ರ ಅವರೇ ಬಂದು ರುಜು ಹಾಕಿಸಿಕೊಳ್ಳುತ್ತಾರೆ ಅಂತ ಪುಟ್ಟಸ್ವಾಮಿಯವರು ಕರೆದು ಹೇಳಿದರು. ಪತ್ರದಲ್ಲಿ ಇದ್ದದ್ದು ಇಷ್ಟು: ನನ್ನ ಕೆಲಸದ ವೇಗ ಸಾಲದೆಂದು ಒಪ್ಪಿಕೊಂಡು ಸ್ವಇಚ್ಛೆಯಿಂದ ಬಿಡುತ್ತಿದ್ದೇನೆ. ಮೊದಲ ಹೆಸರು ಮಾದೇವಿಯದು. ನನ್ನ ಹೆಸರು ಅದರಲ್ಲಿ ಇರಲಿಲ್ಲ. ಯಂತ್ರ ನೋಡಿಕೊಳ್ಳುವುದಕ್ಕೆ ಒಬ್ಬರು ಬೇಕಲ್ಲ. ಅದು ನನಗೆ ಸಮಾಧಾನ ಕೊಡಬೇಕಿತ್ತು. ಕೊಡಲಿಲ್ಲ.

ಪುಟ್ಟಸ್ವಾಮಿಯವರು ಕೆಟ್ಟವರಲ್ಲ. ಮಾಗಡಿ ಕಡೆಯವರು, ಮೊದಲು ಯಾವುದೋ ಗಿರಣಿಯಲ್ಲಿ ಸೂಪರ್‌ವೈಸರ್ ಆಗಿದ್ದರು. ಯಾರ ಮನಸ್ಸೂ ನೋಯಿಸದೆ ಕೆಲಸ ಸಾಗಿದರೆ ಸಾಕು ಅನ್ನುವ ಸ್ವಭಾವ. ಅವರು ನನ್ನನ್ನು ಒಬ್ಬಳನ್ನೇ ಪಕ್ಕಕ್ಕೆ ಕರೆದು ಒಂದು ದಾರಿ ಹೇಳಿದರು. ಪೆಟ್ಟಿಗೆ ಕೂರಿಸಲು ಬಂದಿದ್ದ ಮೆಕ್ಯಾನಿಕ್ಕು ಹೋಗುವಾಗ ಅವರ ಕಿವಿಯಲ್ಲಿ ಹೇಳಿ ಹೋಗಿದ್ದನಂತೆ, ಬೀಗ ಇಲ್ಲದೆ ಕಳಿಸಿದರೆ ಈ ಪೆಟ್ಟಿಗೆ ಗಾಳಿಯ ಹಾಗೆ ಓಡುತ್ತದೆ ಅಂತ. ಬೆಂಗಳೂರಿನ ಕಂಪ್ಯೂಟರಿನಲ್ಲಿ ಬೀಗವಿಲ್ಲದ ಹಳೇ ದಾರಿ ಇನ್ನೂ ಮುಚ್ಚಿರಲಿಲ್ಲ.

"ನೋಡಮ್ಮ ನಾಗರತ್ನ, ಹಬ್ಬ ಕಳೆಯೋಗಂಟ ಬೀಗ ತೆಗೆದ್ಬುಡು. ಸಾಲು ಏರ್ಲಿ. ಆರು ಜನುದ್ ಕೆಲ್ಸ ಉಳೀತದೆ. ಯಾರ್ ಬಂದು ನೋಡ್ತಾರೆ?" ಅಂದರು.

ಆವತ್ತು ಸಂಜೆ ಬಸ್ಸಿನಲ್ಲಿ ಮಾದೇವಿಗೆ ಹೇಳಿದೆ. ಉಳಿಯುವುದು ಅವಳ ಕೆಲಸವಾದ್ದರಿಂದ ಅವಳನ್ನೇ ಕೇಳಬೇಕು ಅನ್ನಿಸಿತು. ಆ ವಾರ ಅವಳ ಕಿವಿಗೆ ಒಂದು ದನಿ ಬಂದಿತ್ತು. ಹತ್ತೊಂಬತ್ತು ವರ್ಷದ ಹುಡುಗಿ, ಮನೆಯವರಿಗೆ ಗೊತ್ತಾಗದ ಹಾಗೆ ಆಸ್ಪತ್ರೆಗೆ ಬಂದವಳು. ಡಾಕ್ಟರೇ ಮಾತಿನ ನಡುವೆ ಎರಡು ಸಲ ನಿಲ್ಲಿಸಿ ಗಂಟಲು ಸರಿಮಾಡಿಕೊಂಡಿದ್ದರು. ಅದನ್ನು ಟೈಪು ಮಾಡಿ ಮುಗಿಸಿ ಮಾದೇವಿ ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದಿದ್ದಳು.

ಕಿಟಕಿಯ ಹೊರಗೆ ನೋಡುತ್ತಲೇ ಅವಳು, "ಬ್ಯಾಡ ಕಣಕ್ಕ. ಆ ಹುಡ್ಗಿ ನಂಬಿ ಹೇಳವ್ಳೆ. ನನ್ ಕೆಲ್ಸ ಉಳೀಲಿ ಅಂತ ಅವಳ ಮಾತ ಬಯಲಿಗೆ ಬುಡಕ್ಕಾಯ್ತದಾ?" ಅಂದಳು.

ಮಾರನೇ ದಿನ ಪುಟ್ಟಸ್ವಾಮಿಯವರಿಗೆ ಆಗುವುದಿಲ್ಲ ಅಂದೆ. ಅವರು ಬಲವಂತ ಮಾಡಲಿಲ್ಲ. ಆದರೆ ಮೆಕ್ಯಾನಿಕ್ಕಿನ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಬೀಗ ಇಲ್ಲದಿದ್ದರೆ ಓಡುವ ಪೆಟ್ಟಿಗೆ ಬೀಗ ಇದ್ದರೆ ಯಾಕೆ ಓಡುವುದಿಲ್ಲ?

ಪೆಟ್ಟಿಗೆಯ ಜೊತೆ ಒಂದು ದಪ್ಪ ಪುಸ್ತಕ ಬಂದಿತ್ತು. ಪ್ಲಾಸ್ಟಿಕ್ಕು ಕೂಡ ಬಿಚ್ಚದೆ ಬೀರುವಿನಲ್ಲಿ ಬಿದ್ದಿತ್ತು. ಅದನ್ನು ಚೀಲಕ್ಕೆ ಹಾಕಿಕೊಂಡು ಮೂರು ದಿನ ಹೋಗುತ್ತಾ ಬರುತ್ತಾ ಬಸ್ಸಿನಲ್ಲಿ ಓದಿದೆ. ತುಂತುರು ಮಳೆ, ಕಿಟಕಿ ಗಾಜು ಮುಚ್ಚದ ಬಸ್ಸು. ಕೆಲವು ಹಾಳೆ ಒದ್ದೆಯಾದವು. ಅರ್ಧಕ್ಕರ್ಧ ಅರ್ಥವಾಗಲಿಲ್ಲ. ಕೊನೆಯ ಅಧ್ಯಾಯದಲ್ಲಿ, ಸಣ್ಣ ಅಕ್ಷರದಲ್ಲಿ, ಒಂದು ಸಾಲು ಇತ್ತು: ಮೊದಲೇ ಎನ್‌ಕ್ರಿಪ್ಟ್ ಆಗಿ ಬಂದದ್ದನ್ನು ಈ ಯಂತ್ರ ಚಿಕ್ಕದು ಮಾಡಲಾರದು.

ಹಿಂಡುವ ಯಂತ್ರ ಮಾಡುವುದು ಇಷ್ಟೇ. ಬಂದದ್ದೇ ಮತ್ತೆ ಬಂದರೆ ಪೂರ್ತಿ ಬರೆಯದೆ, ಆಗಲೇ ಬಂದದ್ದು ಅಂತ ಒಂದು ಗುರುತು ಹಾಕಿ ಮುಂದೆ ಹೋಗುತ್ತದೆ. ನಮ್ಮ ವರದಿಗಳಲ್ಲಿ ಮರುಕಳಿಸುವ ಮಾತೇ ಹೆಚ್ಚು. ರಕ್ತದ ಒತ್ತಡ ಇಷ್ಟು, ಎದೆ ನೋವಿಲ್ಲ, ಜ್ವರವಿಲ್ಲ. ದಿನಕ್ಕೆ ನೂರು ಸಲ ಅದನ್ನೇ ಬರೆಯುತ್ತಿದ್ದೆವು. ಆದರೆ ಬೀಗದೊಳಗೆ ಹೋದ ಮೇಲೆ ಎರಡು ಮಾತು ಒಂದೇ ಥರ ಕಾಣುವುದಿಲ್ಲ. ಕಾಣಬಾರದು ಅಂತಲೇ ಬೀಗ. ಆಮೇಲೆ ಪೆಟ್ಟಿಗೆ ಏನನ್ನು ಹಿಂಡೀತು? ಅವ್ವ ಸೀರೆಗಳನ್ನು ಮಡಿಸಿ, ಅದುಮಿ, ಆಮೇಲೆ ಟ್ರಂಕಿಗೆ ಬೀಗ ಹಾಕುತ್ತಾಳೆ. ಇವರು ಸೀರೆಗಳನ್ನು ಮುದ್ದೆ ಮಾಡಿ ತುಂಬಿ ಬೀಗ ಹಾಕಿ, ಟ್ರಂಕಿನ ಮೇಲೆ ಕೂತು ಒತ್ತುತ್ತಿದ್ದರು.

ಹಾಗಾದರೆ ಬೀಗ ಹಾಕುವ ಮೊದಲೇ ಮಡಿಸಬೇಕು. ಅದಕ್ಕೆ ಬೇರೆ ಯಂತ್ರವೇನೂ ಬೇಕಿರಲಿಲ್ಲ. ನಾವು ದಿನಾ ಬೆಂಗಳೂರಿಗೆ ಸೇರಿಕೊಳ್ಳಲು ಬಳಸುತ್ತಿದ್ದ ಪ್ರೋಗ್ರಾಮಿನ ಒಳಗೇ ಒಂದು ಪುಟ್ಟ ಚೌಕವಿತ್ತು: ಕಂಪ್ರೆಷನ್. ಅದರಲ್ಲಿ ಟಿಕ್ ಹಾಕಿದರೆ ಅದೇ ಮೊದಲು ಹಿಂಡಿ ಆಮೇಲೆ ಬೀಗ ಹಾಕುತ್ತದೆ. ಯಾರೂ ಟಿಕ್ ಹಾಕಿರಲಿಲ್ಲ, ಅಷ್ಟೇ.

ಸುಧೀಂದ್ರ ಅವರಿಗೆ ಫೋನು ಮಾಡಿದೆ. ಪುಸ್ತಕದ ಆ ಸಾಲನ್ನು ಓದಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, ಬಹಳ ವಿನಯವಾಗಿ, "ಮೇಡಂ, ಪೆಟ್ಟಿಗೆ ಆರಿಸಿದವರು ಎಂಜಿನಿಯರುಗಳು. ನೀವು ಟೈಪಿಂಗ್ ಕಡೆ ಗಮನ ಕೊಡಿ" ಅಂದರು. ಸಂಜೆ ಒಂದು ಸುತ್ತೋಲೆ ಬಂತು: ಯಂತ್ರಗಳ ಯಾವುದೇ ಸೆಟ್ಟಿಂಗ್ ಮುಟ್ಟುವುದು ಗೌಪ್ಯತೆಯ ಉಲ್ಲಂಘನೆ, ಮುಟ್ಟಿದವರ ಮೇಲೆ ಪೊಲೀಸ್ ದೂರು.

ಪೊಲೀಸು ಅಂದರೆ ನನಗೂ ಭಯವೇ. ಊರಿಗೆ ಹೋದವಳೇ ಅಪ್ಪನಿಗೆ ಹೇಳಿದೆ. ಅವರು ತೋಟದಲ್ಲಿ ಸೊಪ್ಪು ಕುಯ್ಯುತ್ತಿದ್ದರು. ಕಂಪ್ಯೂಟರು, ಬೀಗ, ಪೆಟ್ಟಿಗೆ ಯಾವುದೂ ಅವರ ತಲೆಗೆ ಹತ್ತಲಿಲ್ಲ. ರುಜು ಅನ್ನುವ ಮಾತು ಮಾತ್ರ ಹತ್ತಿತು. ಕುಡುಗೋಲು ಕೆಳಗಿಟ್ಟು ನನ್ನ ಕಡೆ ತಿರುಗಿ, "ಕೆಲ್ಸ ಹೋದ್ರೆ ಹೋಗ್ಲಿ ಕಣ್ ಮಗ, ನಂಗೂ ಸೊಪ್ಪು ಕುಯ್ಯಾಕೆ ಜನ ಬೇಕು. ಆದ್ರೆ ಮಾಡ್ದೆ ಇರೋ ತಪ್ಪಿಗೆ ಆ ಹೆಣ್ಮಕ್ಕಳು ರುಜು ಹಾಕದ ನೋಡ್ಕೊಂಡು ಸುಮ್ನೆ ಕುಂತ್ಕಬ್ಯಾಡ" ಅಂದರು.

ಮಾರನೇ ದಿನ ಹನ್ನೆರಡು ಯಂತ್ರಕ್ಕೂ ಟಿಕ್ ಹಾಕಿದೆ. ಬೀಗ ಮಾತ್ರ ಹಾಗೇ ಇರಬೇಕು, ಒಂದು ಗಳಿಗೆಯೂ ತೆಗೆಯಬಾರದು ಅಂತ ಪ್ರತಿ ಯಂತ್ರದಲ್ಲೂ ಎರಡೆರಡು ಸಲ ನೋಡಿಕೊಂಡೆ. ಯಾರಿಗೂ ಮುಚ್ಚಿಡಲಿಲ್ಲ. ಎಲ್ಲರನ್ನೂ ಕರೆದು ಟ್ರಂಕಿನ ಉದಾಹರಣೆ ಕೊಟ್ಟು ಹೇಳಿದೆ. ಇದರಿಂದ ತೊಂದರೆ ಬಂದರೆ ನನ್ನ ಹೆಸರು ಹೇಳಿ ಅಂದೆ. ಮಾದೇವಿ, ನಮ್ಮ ಯಂತ್ರಕ್ಕೆ ನಾವೇ ಟಿಕ್ ಹಾಕುತ್ತಿದ್ದೆವಲ್ಲ, ನಿನ್ನ ಒಬ್ಬಳ ಹೆಸರು ಯಾಕೆ ಅಂತ ಕೇಳಿದಳು. ಅಷ್ಟು ಹೊತ್ತಿಗೆ ನಾನೇ ಹಾಕಿ ಮುಗಿಸಿದ್ದೆ.

ಮೊದಲ ದಿನ ನಿರಾಸೆಯಾಯಿತು. ಬೆಳಿಗ್ಗೆ ಹಿಂದಿನ ದಿನ ಉಳಿದಿದ್ದ ದನಿಗಳನ್ನು ಕೇಳಿ ಬರೆಯುವಾಗ ಒಂದಷ್ಟು ಹೊತ್ತು ಅಕ್ಷರಗಳು ಚುರುಕಾಗಿ ಮೂಡಿದವು, ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಬಿಸ್ಕತ್ತಿನ ವಾಸನೆ ಬರುವ ಹೊತ್ತಿಗೆ ಮತ್ತೆ ಅದೇ ಎಳೆತ. ಪುಟ್ಟಸ್ವಾಮಿಯವರು ನನ್ನ ಕಡೆ ನೋಡಿ ನೋಡದವರ ಹಾಗೆ ಆಚೆ ಹೋದರು. ಎರಡು ದಿನ ಗಡಿಯಾರ ಹಿಡಿದು ಕೂತು ಯಾವ ಹೊತ್ತಿಗೆ ಎಳೆಯುತ್ತದೆ, ಯಾವ ಹೊತ್ತಿಗೆ ಓಡುತ್ತದೆ ಅಂತ ನೋಟ್‌ಬುಕ್ಕಿನಲ್ಲಿ ಬರೆದೆ. ಆಗ ತಿಳಿಯಿತು: ಹನ್ನೊಂದರ ಹೊತ್ತಿಗೆ ಡಾಕ್ಟರುಗಳ ದನಿ ಒಟ್ಟಿಗೆ ಇಳಿಯಲು ಶುರುವಾಗುತ್ತಿತ್ತು. ಆ ದನಿಗಳನ್ನು ಆಸ್ಪತ್ರೆಗಳಲ್ಲೇ, ಹೊರಡುವ ಮೊದಲೇ ಹಿಂಡಿ ಕಳಿಸಿರುತ್ತಾರೆ. ಒಮ್ಮೆ ಹಿಂಡಿದ್ದನ್ನು ಮತ್ತೆ ಹಿಂಡಿದರೆ ಏನೂ ಸಿಗುವುದಿಲ್ಲ. ನನ್ನ ಟಿಕ್ಕು ಅಕ್ಷರಗಳಿಗೆ ಉಪಯೋಗ, ದನಿಗಳಿಗೆ ಉಪಯೋಗವೇ ಇಲ್ಲ. ದನಿಗಳು ಲೈನನ್ನು ತುಂಬಿಕೊಂಡು ನಿಂತರೆ ಹಗುರವಾದ ಅಕ್ಷರಗಳೂ ಅವುಗಳ ಹಿಂದೆ ಸರದಿಯಲ್ಲಿ ಕಾಯಬೇಕು.

ದನಿಗಳನ್ನು ಹಿಂಡಲಾಗದಿದ್ದರೆ ಹೊತ್ತು ಬದಲಿಸಬಹುದಲ್ಲ. ಬೆಂಗಳೂರಿನ ಕಂಪ್ಯೂಟರಿಗೆ ಅವು ಮುಂಜಾನೆಯೇ ಬಂದಿರುತ್ತಿದ್ದವು. ಅಲ್ಲಿ ಸುಮ್ಮನೆ ಬಿದ್ದುಕೊಂಡಿದ್ದು ಹನ್ನೊಂದಕ್ಕೆ ಇಳಿಯುತ್ತಿದ್ದವು, ಯಾರೋ ಹಾಗೆ ಗೊತ್ತುಮಾಡಿದ್ದರಿಂದ. ನಾನು ಸಾತನೂರಿನಿಂದ ಮೊದಲ ಬಸ್ಸು ಹಿಡಿದೆ. ಹುಳುವಿಗೆ ಸೊಪ್ಪು ಹಾಕುವ ಕೆಲಸ ಪೂರ್ತಿ ಅವ್ವನ ಮೇಲೆ ಬಿತ್ತು; ಅವ್ವ ಗೊಣಗಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಉಳಿದವರು ಬರುವ ಮೊದಲೇ ಶೆಡ್ಡಿನ ಬಾಗಿಲು ತೆಗೆಸಿ, ಆವತ್ತಿನ ದನಿಗಳನ್ನೆಲ್ಲ ಬೀಗದ ದಾರಿಯಲ್ಲೇ ಇಳಿಸಿಟ್ಟುಕೊಂಡೆ. ಎಲ್ಲರೂ ಬಂದು ಕೂರುವಾಗ ಲೈನು ಖಾಲಿ.

ಆವತ್ತು ನಾನು ನನ್ನ ಕೆಲಸ ಬಿಟ್ಟು ಮಾದೇವಿಯ ಹಿಂದೆ ನಿಂತಿದ್ದೆ. ಅವಳು ಶುರು ಮಾಡಿದಳು. ಬೆರಳು ಒತ್ತಿದಲ್ಲೇ ಅಕ್ಷರ ಮೂಡಿತು. ಅವಳು ಒಂದು ಕ್ಷಣ ನಿಲ್ಲಿಸಿ ಪರದೆ ನೋಡಿದಳು, ಮತ್ತೆ ಒತ್ತಿದಳು. ಆಮೇಲೆ ಹಿಂದೆ ತಿರುಗಿ ನೋಡದೆ ಆ ವರದಿ ಮುಗಿಯುವವರೆಗೆ ಟೈಪು ಮಾಡಿದಳು. ಹೆಡ್‌ಫೋನು ತೆಗೆದಾಗ ಅವಳ ಕಣ್ಣು ತುಂಬಿತ್ತು.

"ನಾನೇ ನಿಧಾನ ಆಗೋಗಿದ್ದೀನಿ ಅನ್ಕಂಡಿದ್ದೆ ಕಣಕ್ಕ. ಬೆರಳಿಗೆ ಏನೋ ಆಗ್ಬುಟ್ಟದೆ ಅಂತ ಅವ್ವನ್ ಕೈಲಿ ಎಣ್ಣೆ ಬ್ಯಾರೆ ತಿಕ್ಕಿಸ್ಕಂತಿದ್ದೆ" ಅಂದಳು.

ಆ ಮಾತು ಕೇಳಿದ ಮೇಲೆ ನನ್ನ ಭಯ ಹೋಯಿತು.

ಗೌರಿ ಗಣೇಶ ಕಳೆದ ವಾರ ಸುಧೀಂದ್ರ ಅವರು ಕಾರಿನಲ್ಲಿ ಬಂದರು. ಮಳೆ ಬಿದ್ದು ಶೆಡ್ಡಿನ ಮುಂದೆಲ್ಲ ಕೆಸರು. ಪ್ಯಾಂಟು ಎತ್ತಿಕೊಂಡು ಮೆಟ್ಟಿಲು ಹತ್ತಿದರು. ಬರುವ ಮುಂಚೆ ಹಿಂದಿನ ಹತ್ತು ದಿನದ ಸಾಲುಗಳ ಲೆಕ್ಕ ನೋಡಿಕೊಂಡೇ ಬಂದಿದ್ದರು. ಮಾದೇವಿ ಗುರಿ ದಾಟಿದ್ದಳು, ಕೆಂಪಕ್ಷರದ ಉಳಿದ ಐವರೂ ಮುಟ್ಟಿದ್ದರು. ಸುಧೀಂದ್ರ ಅವರ ಮುಖದಲ್ಲಿ ಸಂತೋಷವಿತ್ತು. ಪೆಟ್ಟಿಗೆ ಈಗ ಸರಿಯಾಗಿ ಹೊಂದಿಕೊಂಡಿದೆ, ಹೊಸ ಯಂತ್ರಕ್ಕೆ ಸ್ವಲ್ಪ ಕಾಲ ಬೇಕಾಗುತ್ತದೆ ಅಂತ ನಮಗೆ ವಿವರಿಸಿದರು. ಆದರೂ ಹಿಂದಿನ ಎರಡು ತಿಂಗಳ ಕೊರತೆಗೆ ದಾಖಲೆ ಬೇಕಲ್ಲ, ಆರು ಜನ ಪತ್ರಕ್ಕೆ ರುಜು ಹಾಕಲಿ, ಸದ್ಯಕ್ಕೆ ಯಾರನ್ನೂ ಬಿಡಿಸುವುದಿಲ್ಲ, ಪತ್ರ ಫೈಲಿನಲ್ಲಿ ಇರುತ್ತದೆ ಅಂದರು. ಪುಟ್ಟಸ್ವಾಮಿಯವರು ಪೆನ್ನು ತೆಗೆದು ಮೇಜಿನ ಮೇಲಿಟ್ಟರು. ಬಿಡಿಸುವುದಿಲ್ಲ ಅಂದದ್ದೇ ದೊಡ್ಡದು, ರುಜು ಹಾಕಿಬಿಡಿ ಅನ್ನುವ ಹಾಗೆ ನಮ್ಮ ಕಡೆ ತಲೆ ಆಡಿಸಿದರು.

ಮಾದೇವಿ ಎದ್ದು ನಿಂತಳು. ಅವಳು ಎಲ್ಲರ ಎದುರಿಗೆ ಮಾತಾಡಿದ್ದನ್ನು ಅಲ್ಲಿಯವರೆಗೆ ನಾನು ನೋಡಿರಲಿಲ್ಲ.

"ನಾನು ಹಾಕಲ್ಲ ಸರ್" ಅಂದಳು. "ನಿಧಾನ ಇದ್ದದ್ದು ನಾವಲ್ಲ."

ಹಾಗಾದರೆ ಯಾರು ಅಂತ ಅವರು ಕೇಳಿದರು. ದನಿ ಎತ್ತರಿಸಲಿಲ್ಲ, ನಕ್ಕರು ಕೂಡ. ಆ ನಗು ನನ್ನನ್ನು ಎಬ್ಬಿಸಿತು. ನಾನು ಹೋಗಿ ಪೆಟ್ಟಿಗೆಯ ಮುಂದೆ ನಿಂತೆ. ಅದರ ಹಿಂಭಾಗದಲ್ಲಿ ಒಂದು ಬೈಪಾಸ್ ಗುಂಡಿ ಇತ್ತು. ಒತ್ತಿದರೆ ಪೆಟ್ಟಿಗೆ ಏನೂ ಮಾಡದೆ ಬಂದದ್ದನ್ನು ಬಂದ ಹಾಗೇ ಬಿಡುತ್ತದೆ. ಪುಸ್ತಕದಲ್ಲಿ ಓದಿದ್ದೆ. ಎಲ್ಲರೂ ಟೈಪು ಮಾಡುತ್ತಿರಿ ಅಂತ ಹೇಳಿ ಗುಂಡಿ ಒತ್ತಿದೆ. ಹಸಿರು ದೀಪಗಳು ಒಟ್ಟಿಗೆ ಆರಿದವು. ಸುಧೀಂದ್ರ ಅವರು ಏನು ಮಾಡುತ್ತಿದ್ದೀರಿ ಅಂತ ಒಂದು ಹೆಜ್ಜೆ ಮುಂದೆ ಬಂದರು. ನಾನು ಪರದೆಗಳನ್ನು ತೋರಿಸಿದೆ. ಹನ್ನೊಂದು ಜನರ ಕೀಲಿಗಳ ಸದ್ದು ನಿಲ್ಲಲಿಲ್ಲ. ಯಾರ ಪರದೆಯೂ ತಡವರಿಸಲಿಲ್ಲ. ಪೆಟ್ಟಿಗೆ ಇದ್ದಾಗ ಹೇಗೋ ಇಲ್ಲದಾಗಲೂ ಹಾಗೇ.

ಗುಂಡಿಯನ್ನು ಮತ್ತೆ ಮೊದಲಿನಂತೆ ಮಾಡಿದೆ, ದೀಪಗಳು ಬಂದವು. ಆಮೇಲೆ ಎಲ್ಲರ ಯಂತ್ರದಲ್ಲೂ ಆ ಚೌಕದ ಟಿಕ್ ತೆಗೆದು ಮತ್ತೆ ಬೆಂಗಳೂರಿಗೆ ಸೇರಿಕೊಳ್ಳಲು ಹೇಳಿದೆ. ಹಳೆಯ ಉದ್ದ ವರದಿಗಳನ್ನು ತೆರೆದು ಕೆಲಸ ಮುಂದುವರಿಸಿ ಅಂದೆ. ಪೆಟ್ಟಿಗೆಯ ಹಸಿರು ದೀಪಗಳು ಉರಿಯುತ್ತಲೇ ಇದ್ದವು. ಸ್ವಲ್ಪ ಹೊತ್ತಿಗೆ ಒಬ್ಬೊಬ್ಬರ ಸದ್ದೂ ನಿಲ್ಲುತ್ತಾ ಬಂತು. ಮಾದೇವಿ ಒಂದು ವಾಕ್ಯ ಟೈಪು ಮಾಡಿ ಎರಡೂ ಕೈ ಮೇಲೆತ್ತಿ ಹಿಡಿದಳು. ಅವಳ ಕೈ ಗಾಳಿಯಲ್ಲಿ ಇರುವಾಗಲೇ ಅಕ್ಷರಗಳು ಒಂದೊಂದಾಗಿ ಪರದೆಗೆ ಬರುತ್ತಿದ್ದವು. ಸುಧೀಂದ್ರ ಅವರು ಅವಳ ಹಿಂದೆ ನಿಂತು, ಕೊನೆಯ ಅಕ್ಷರ ಬರುವವರೆಗೆ ನೋಡಿದರು.

ಆಮೇಲೆ ಅವರು ಸೆಟ್ಟಿಂಗ್ ಮುಟ್ಟಿದ್ದು ಯಾರು ಅಂತ ಕೇಳಿದರು.

"ನಾನು" ಅಂದೆ. ಅಷ್ಟರಲ್ಲಿ ಮಾದೇವಿಯೂ ನಾನು ಅಂದಳು. ಅವಳ ಹಿಂದೆ ಇನ್ನೊಬ್ಬಳು. ಸುಧೀಂದ್ರ ಅವರು ಕೈ ಅಡ್ಡ ತಂದು ಸಾಕು ಅಂದರು. ಬೀಗ ತೆಗೆದಿದ್ದೀರಾ ಅಂತ ಕೇಳಿದರು. ಒಂದು ಗಳಿಗೆಯೂ ಇಲ್ಲ, ಬೇಕಾದರೆ ಬೆಂಗಳೂರಿನ ಕಂಪ್ಯೂಟರಿನ ದಾಖಲೆ ನೋಡಿಕೊಳ್ಳಿ ಅಂದೆ. ಪುಟ್ಟಸ್ವಾಮಿಯವರು ನೆಲ ನೋಡುತ್ತಾ ನಿಂತಿದ್ದವರು ತಲೆ ಎತ್ತಿ, "ಬೀಗ ತೆಗಿ ಅಂತ ನಾನೇ ಹೇಳಿದ್ದೆ ಸರ್. ಇವ್ರು ಒಪ್ಪಲಿಲ್ಲ" ಅಂದರು. ಆ ಮಾತು ಹೇಳದೆ ಇದ್ದಿದ್ದರೂ ಯಾರೂ ಕೇಳುತ್ತಿರಲಿಲ್ಲ. ಅವರ ಮೇಲೆ ನನಗಿದ್ದ ಸಣ್ಣ ಅಸಮಾಧಾನ ಆವತ್ತೇ ಕಳೆಯಿತು.

ಪತ್ರಗಳು ಸುಧೀಂದ್ರ ಅವರ ಚೀಲಕ್ಕೆ ವಾಪಸು ಹೋದವು, ಮತ್ತೆ ಹೊರಗೆ ಬರಲಿಲ್ಲ. ಸೋಮವಾರದ ಪಟ್ಟಿ ನಿಂತಿತು. ಎರಡು ವಾರ ಕಳೆದ ಮೇಲೆ ಎಲ್ಲ ಶಾಖೆಗಳಿಗೂ ಹೆಡ್ ಆಫೀಸಿನ ಸೂಚನೆ ಹೋಯಿತು: ಕಂಪ್ರೆಷನ್ ಚೌಕದಲ್ಲಿ ಟಿಕ್ ಹಾಕಿ, ದನಿಗಳನ್ನು ಕೆಲಸ ಶುರುವಾಗುವ ಮೊದಲೇ ಇಳಿಸಿಕೊಳ್ಳಿ. ಕೆಳಗೆ ಸುಧೀಂದ್ರ ಅವರ ರುಜು. ಹಾರೋಹಳ್ಳಿಯ ಹೆಸರು ಎಲ್ಲೂ ಇರಲಿಲ್ಲ. ಪೆಟ್ಟಿಗೆಯನ್ನು ಯಾರೂ ತೆಗೆಯಲಿಲ್ಲ. ಆಯುಧಪೂಜೆ ದಿನ ಎಲ್ಲ ಯಂತ್ರಗಳ ಜೊತೆ ಅದಕ್ಕೂ ಕುಂಕುಮ ಹಚ್ಚಿ ಹೂವಿಟ್ಟೆವು, ಅದರ ತಪ್ಪೇನು ಪಾಪ. ನಿಧಾನದವಳು ಅಂತ ಕೆಂಪಕ್ಷರದಲ್ಲಿ ಬರೆಸಿಕೊಂಡಿದ್ದ ಮಾದೇವಿಯನ್ನೇ ಮುಂದೆ ಹೊಸದಾಗಿ ಬಂದವರಿಗೆ ಕಲಿಸಲು ಹಾಕಿದರು.

ನನ್ನ ವಿಷಯ ಮಾತ್ರ ಅಷ್ಟಕ್ಕೆ ಮುಗಿಯಲಿಲ್ಲ. ಸುತ್ತೋಲೆ ಮೀರಿ ಸೆಟ್ಟಿಂಗ್ ಬದಲಿಸಿದ್ದಕ್ಕೆ ಮೂರು ದಿನದೊಳಗೆ ಸಮಜಾಯಿಷಿ ಕೊಡಬೇಕು, ಕ್ಷಮೆ ಕೋರಬೇಕು ಅಂತ ಮೆಮೊ ಬಂತು. ನಾನು ಹೇಳಿಕೊಟ್ಟದ್ದನ್ನೇ ಎಲ್ಲ ಕಡೆ ಮಾಡಿಸಿ, ಮಾಡಿದ್ದಕ್ಕೆ ನನ್ನಿಂದ ಕ್ಷಮೆ! ಪುಟ್ಟಸ್ವಾಮಿಯವರು ಕುರ್ಚಿ ಎಳೆದು ಪಕ್ಕ ಕೂತು ಸಮಾಧಾನ ಹೇಳಿದರು. ಇದೆಲ್ಲ ಫೈಲು ಮುಚ್ಚುವುದಕ್ಕೆ ಕೇಳುವ ಕಾಗದ, ಎರಡೇ ಮಾತು ಬರೆದುಕೊಟ್ಟರೆ ಮುಗಿಯಿತು ಅಂದರು.

"ತಿಳಿಯದೆ ಮಾಡಿದೆ ಅಂತ ಬರ್ದ್ಬುಡಮ್ಮ. ಯಾರಿಗೂ ನಷ್ಟ ಇಲ್ಲ."

ನಾನು ಹಾಳೆ ತೆಗೆದುಕೊಂಡೆ. ಯಾವ ದಿನ ಯಾವ ಸೆಟ್ಟಿಂಗ್ ಬದಲಿಸಿದೆ, ಅದಕ್ಕೆ ಮೊದಲು ಯಾರಿಗೆ ಫೋನು ಮಾಡಿದೆ, ಅವರು ಏನು ಹೇಳಿದರು ಎಲ್ಲ ಬರೆದೆ. ಕೊನೆಯಲ್ಲಿ ಪುಟ್ಟಸ್ವಾಮಿಯವರು ಹೇಳಿದ ಸಾಲನ್ನೇ ಬರೆದೆ, ಒಂದು ಅಕ್ಷರ ಬಿಟ್ಟು, ಇನ್ನೊಂದಕ್ಕೆ ದೀರ್ಘ ಕೊಟ್ಟು: ತಿಳಿದೇ ಮಾಡಿದೆ. ಕೆಳಗೆ ರುಜು ಹಾಕಿ ಊರಿನ ಹೆಸರೂ ಬರೆದೆ.

ಪುಟ್ಟಸ್ವಾಮಿಯವರು ಕನ್ನಡಕ ಹಾಕಿಕೊಂಡು ಓದಿದರು. ಕೊನೆಯ ಸಾಲಿಗೆ ಬಂದಾಗ ನನ್ನ ಮುಖ ನೋಡಿದರು. ಹಾಳೆ ಮಡಿಸಿ ಲಕೋಟೆಗೆ ಹಾಕಿ, ಅಂಟು ಹಚ್ಚಿ, ಬೆಂಗಳೂರಿಗೆ ಹೋಗುವ ಟಪಾಲಿನಲ್ಲಿ ತಾವೇ ಇಟ್ಟರು.

ಅದಕ್ಕೆ ಉತ್ತರ ಬರಲಿಲ್ಲ. ಆ ಶೆಡ್ಡಿನಲ್ಲಿ ನಾನು ಇನ್ನೂ ನಾಲ್ಕು ವರ್ಷ ಕೆಲಸ ಮಾಡಿದೆ.